ನೀರಿನ ಪಾಳಿ ಹೇಳುತ್ತಿದ್ದ ಬಾಯಾರು

ಭೀಮಪ್ಪ ಕಾಲುವೆಯ ಗೇಟು ನೋಡಿಕೊಳ್ಳುವವನು. ಹೋದ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಿಡಗುಂದಿಯ ನಮ್ಮ ಮನೆಗೆ ಬಂದ. ಆ ಹೊತ್ತಿಗೆ ನಾನು ಸ್ನಾನ, ಪೂಜೆ, ಪತ್ರಿಕೆ ಎಲ್ಲ ಮುಗಿಸಿ ಗಡಿಯಾರಕ್ಕೆ ಕೀಲಿ ಕೊಡುತ್ತಿರುತ್ತೇನೆ. ಅವನ ಕೈಯಲ್ಲಿ ಒಣಮೆಣಸಿನಕಾಯಿಯ ಸಣ್ಣ ಚೀಲವಿತ್ತು. ಆದಿತ್ಯವಾರ ಇಂಡಿಗೆ ಹೋಗುತ್ತೇನೆಂದು ಹೇಳಿ ಒಯ್ದಿದ್ದ ಚೀಲ ಅದೇ.

"ಯಾಕೋ, ಹೊಳ್ಳಿ ತಂದಿ?" ಎಂದೆ.

"ಯಾರ ಕೈಯಾಗ ಕೊಡ್ಲಿರಿ ಮಾಸ್ತರ? ಬಾಯಾರು ತೀರಿಕೊಂಡು ಮೂರು ತಿಂಗಳಾತಂತ."

ಕೀಲಿ ಕೊಡುವುದು ಅರ್ಧಕ್ಕೆ ನಿಂತಿತು. ಭೀಮಪ್ಪ ಚೀಲವನ್ನು ಕಟ್ಟೆಯ ಮೇಲಿಟ್ಟು ಕೂತ. ಅಲ್ಲಿ ಕೇಳಿ ಬಂದದ್ದನ್ನೆಲ್ಲ ಹೇಳಿದ. ಆಮೇಲೆ ಅವನೇ ಎದ್ದು, "ಗೇಟಿಗೆ ಹೋಗ್ಬೇಕ್ರಿ" ಎಂದು ಹೊರಟ. ಚೀಲ ಅಲ್ಲೇ ಉಳಿಯಿತು.

ಬಾಯಾರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಲ್ಲಿದ್ದಾಗ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಮೊದಲು ಇಂಡಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು. ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಆ ಕೆಲಸ ಬಿಟ್ಟು ಬಂದ ಮೇಲೂ ಬಾಯಾರೇ ಆಗಿ ಉಳಿದರು. ಹೆಸರು ಇರುವುದು ಒಂದೇ ಕಡೆ: ನಮ್ಮ ನೀರು ಬಳಕೆದಾರರ ಸಂಘದ ನಡಾವಳಿ ಪುಸ್ತಕದಲ್ಲಿ, ಒಂದು ತಪ್ಪಿನ ಪಕ್ಕದಲ್ಲಿ. ಗೇಟನ್ನು ನಾಲ್ಕರ ಬದಲು ಎಂಟು ಸುತ್ತು ತೆಗೆಸಿ ಕಾಲುವೆ ಒಡೆಯಲು ಕಾರಣರಾದವರು ಎಂದು ಬರೆದಿದೆ. ಆ ಬರಹ ಅರ್ಧ ಸತ್ಯವೆಂದು ಅವರಿಗೂ ನನಗೂ ಮಾತ್ರ ಗೊತ್ತಿತ್ತು. ಆ ಸೋಮವಾರ, ಗೊತ್ತಿದ್ದವನು ನಾನೊಬ್ಬನೇ ಉಳಿದೆ. ಅದನ್ನು ಸರಿಮಾಡಿಸದೆ ನನಗೆ ಊಟ ಸೇರುವಂತಿರಲಿಲ್ಲ.

ಮೂವತ್ತಾರು ವರ್ಷ ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದೆ. ನಿವೃತ್ತಿಯಾದ ಮೇಲೆ ಊರಿನವರು ಸಂಘದ ಕಾರ್ಯದರ್ಶಿ ಮಾಡಿದರು. "ಮಾಸ್ತರಗ ವ್ಯಾಳ್ಯಾ ಅಂದ್ರ ಜೀವ, ಅವರ ಕೈಯಾಗ ಪಾಳಿ ಕೊಡ್ರಿ, ಜಗಳ ನಿಲ್ತಾವು" ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದ್ದರು. ಜಗಳವೇನೂ ನಿಲ್ಲಲಿಲ್ಲ. ಕಾಲುವೆಯ ನೀರು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಪಾಳಿಯ ಪ್ರಕಾರ ಹೋಗಬೇಕು. ಯಾರ ಪಾಳಿ ಎಷ್ಟು ಗಂಟೆಗೆ ಎಂದು ನಾನು ಪಟ್ಟಿ ಬರೆದು ಸಂಘದ ಗೋಡೆಗೆ ಹಚ್ಚುತ್ತಿದ್ದೆ. ಓದುವವರು ಓದುತ್ತಿದ್ದರು, ಓದದವರು ಬಂದು, "ನಮಗ ಯಾರ್ ಹೇಳಿದ್ರಿ?" ಎಂದು ಕೇಳುತ್ತಿದ್ದರು.

ಆಗ ಸಂಘದ ಕೆಲಸಕ್ಕೆ ಕರಾರಿನ ಮೇಲೆ ಬಂದವರು ಬಾಯಾರು. ನಲವತ್ತೈದರ ಆಸುಪಾಸಿನ ವಯಸ್ಸು. ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ನೂಲಿನ ಸೀರೆ, ಹೆಗಲಿಗೆ ಕಂಪ್ಯೂಟರಿನ ಕಪ್ಪು ಚೀಲ. ತಾಯಿ ತೀರಿಕೊಂಡ ಮೇಲೆ ಇಂಡಿಯಲ್ಲಿ ಇರಲು ಮನಸ್ಸಾಗಲಿಲ್ಲವೆಂದು ಒಮ್ಮೆ ಹೇಳಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವವರು ಊರಲ್ಲಿ ಬೇಕಾದಷ್ಟು ಇದ್ದರು.

ಮೊದಲ ದಿನ ನನ್ನ ಗೋಡೆಯ ಪಟ್ಟಿಯ ಮುಂದೆ ನಿಂತು ಪೂರ್ತಿ ಓದಿದರು. "ಭಾಳ ಚಲೋ ಬರದೀರಿ ಸರ್" ಎಂದರು. ನಾನು ಬೀಗಿದೆ. "ಆದ್ರ ಗ್ವಾಡಿ ಎದ್ದು ಯಾರ ಮನಿಗೂ ಹೋಗೂದಿಲ್ಲಲ್ರಿ."

ಅವರು ಮಾಡಿದ ವ್ಯವಸ್ಥೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರತಿ ರೈತನ ಪಾಳಿಗೆ ಒಂದೊಂದು ಚೀಟಿ. ಅದು ಕಾಗದದ್ದಲ್ಲ, ಕಂಪ್ಯೂಟರಿನದು. ಯಾರಿಗೆ, ಯಾವ ಹೊತ್ತಿಗೆ, ಏನು ಹೇಳಬೇಕು ಎಂಬುದು ಅದರಲ್ಲಿ ಇರುತ್ತದೆ. ಆ ಚೀಟಿಗಳೆಲ್ಲ ಒಂದು ಸಾಲಿನಲ್ಲಿ ನಿಲ್ಲುತ್ತವೆ. ಅವರು ಅದನ್ನು ಕ್ಯೂ ಎನ್ನುತ್ತಿದ್ದರು. ಸಾಲು ಇರುವುದು ನಮ್ಮ ಕಚೇರಿಯಲ್ಲಲ್ಲ. ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳಲ್ಲಿ, ಕ್ಲೌಡ್ ಎಂಬಲ್ಲಿ. ಹೊತ್ತಾಗುವ ತನಕ ಚೀಟಿ ಹೊರಗೆ ಬರುವುದಿಲ್ಲ. ಹೊತ್ತಾದ ಕೂಡಲೇ ಒಂದೊಂದೇ ಹೊರಬಿದ್ದು ಫೋನ್ ಕರೆಯಾಗುತ್ತದೆ. ಕರೆ ಕೇಳಿದ ರೈತ ಒಂದನ್ನು ಒತ್ತಬೇಕು. ಒತ್ತಿದರೆ ಚೀಟಿ ಹರಿದಂತೆ. ಒತ್ತದಿದ್ದರೆ ಅದು ತಿರುಗಿ ಸಾಲಿಗೆ ಹೋಗಿ, ಸ್ವಲ್ಪ ಹೊತ್ತು ತಡೆದು ಮತ್ತೆ ಬರುತ್ತದೆ. ಎರಡನೆಯ ಸಲ ಇನ್ನಷ್ಟು ತಡೆದು, ಮೂರನೆಯ ಸಲ ಅದಕ್ಕಿಂತ ಹೆಚ್ಚು ತಡೆದು. ಐದು ಸಲವೂ ಮುಟ್ಟದಿದ್ದರೆ ಬೇರೆ ಪಟ್ಟಿಗೆ ಹೋಗಿ ಬೀಳುತ್ತದೆ.

"ಎಲ್ಲಾರಿಗೂ ಒಮ್ಮಿಗೇ ಹೊಡದ್ರ ಏನಾಗತೈತಿ?" ಎಂದು ಕೇಳಿದ್ದೆ.

"ನಿಮ್ಮ ಟೇಶನ್ನಿಗೆ ಹತ್ತು ಗಾಡಿ ಒಮ್ಮಿಗೇ ಬಂದ್ರ ಏನ್ ಮಾಡ್ತಿದ್ರಿ ಸರ್?"

"ಹೊರಗ ನಿಲ್ಲಸ್ತಿದ್ದೆ."

"ಇದೂ ಹಂಗ. ಗಾಡಿ ಬಿಡೂದು ಎಲ್ಲಾರಿಗೂ ಬರತೈತ್ರಿ. ನಿಲ್ಲಿಸಿ ಬಿಡೂದು ಬರಬೇಕು."

ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹಿಡಿದ ಮನುಷ್ಯರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಅಂದಿನಿಂದ ಅವರ ಮೇಲೆ ನನಗೆ ಗೌರವ.

ಕರೆಯಲ್ಲಿ ಕೇಳುವ ದನಿ ಅವರದೇ. ಕಚೇರಿಯ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರುತ್ತ ಕೂತು ರೆಕಾರ್ಡ್ ಮಾಡಿದ್ದರು. "ನಮಸ್ಕಾರ್ರಿ. ನಿಮ್ಮ ನೀರಿನ ಪಾಳಿ ನಾಳೆ ಮುಂಜಾನೆ ಆರು ಗಂಟೇಕ್ಕ ಐತ್ರಿ. ತಿಳೀತಂದ್ರ ಒಂದನ್ನ ಒತ್ತರಿ." ಇಷ್ಟೇ. ಮುದ್ದೇಬಿಹಾಳ ರಸ್ತೆಯ ಹಳ್ಳಿಗಳಿಂದ ಹಿಡಿದು ಬಸವನ ಬಾಗೇವಾಡಿ ಕಡೆಯ ಹೊಲಗಳ ತನಕ ಆ ದನಿ ಗೊತ್ತಿರದ ಮನೆ ಇರಲಿಲ್ಲ. ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಮ್ಮೆ ನಾಲತವಾಡದ ಸಂತೆಗೆ ಸಂಘದ ಕೆಲಸಕ್ಕೆಂದು ಹೋದಾಗ ಅವರೂ ಜೊತೆಗಿದ್ದರು. ಬದನೆಕಾಯಿ ಹಾಕಿಕೊಂಡು ಕೂತ ಮುದುಕಿಯ ಮುಂದೆ ನಿಂತು, "ಎಷ್ಟಕ್ಕ ಕೊಡ್ತಿ ಆಯಿ?" ಎಂದರು. ಮುದುಕಿ ತಕ್ಕಡಿ ಕೆಳಗಿಟ್ಟಳು.

"ಏ ಯವ್ವಾ, ನೀ ನೀರಿನಾಕಿ ಅಲ್ಲ? ನಮ್ಮ ಮುದುಕಗ ಫೋನ್ ಮಾಡಾಕಿ?"

"ಹೌದ್ ಆಯಿ."

"ವಾರಕ್ಕೊಮ್ಮಿ ಮಾಡ್ತಿ, ಒಂದ್ ದಿನಾನೂ 'ಉಂಡ್ಯೇನು' ಅಂತ ಕೇಳಲಿಲ್ಲಲ್ಲ? ಬರೇ ಒಂದ್ ಒತ್ತು, ಒಂದ್ ಒತ್ತು! ನಮ್ಮ ಮುದುಕ ನಿನಗ ಎಷ್ಟ್ ಮಾತಾಡ್ತಾನ, ಬಾಯಿ ಬಿಡೂದಿಲ್ಲ ನೀನು. ಭಾಳ ಸೊಕ್ಕಿನಾಕಿ ಅಂತ ಬೈತಾನ."

ಸುತ್ತ ಇದ್ದವರೆಲ್ಲ ನಕ್ಕರು. ಬಾಯಾರೂ ನಕ್ಕರು. ಆದರೆ ಹೊಳ್ಳಿ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತರು. ಇಳಿಯುವಾಗ ಹೇಳಿದರು: "ಸರ್, ಅಷ್ಟ್ ಮಂದಿ ನನ್ನ ಜೋಡಿ ಮಾತಾಡ್ತಾರಂತ ನನಗ ಗೊತ್ತ ಇರಲಿಲ್ಲ."

ಬಸ್ ನಿಲ್ದಾಣದ ಹಿಂದೆ ಒಂದು ಮಾಳಿಗೆಯ ಮೇಲೆ ಅವರ ಬಾಡಿಗೆ ಕೋಣೆ. ಹೆಂಡತಿ ಹೋದ ಮೇಲೆ ನಾನು ಮಧ್ಯಾಹ್ನ ಖಾನಾವಳಿಯಲ್ಲಿ ಉಣ್ಣುತ್ತೇನೆ, ಒಂದೂ ಹದಿನೈದಕ್ಕೆ. ಅವರು ಒಂದೂ ಇಪ್ಪತ್ತಕ್ಕೆ ಬರುತ್ತಿದ್ದರು. ಒಂದೇ ಮೇಜಿಗೆ ಕೂರುತ್ತಿರಲಿಲ್ಲ. ಅವರು ಬಾಗಿಲ ಹತ್ತಿರದ ಮೇಜಿನಲ್ಲಿ, ನಾನು ಒಳಗಿನದರಲ್ಲಿ. ಎರಡು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಊಟದ ನಡುವೆ ಫೋನನ್ನು ತಟ್ಟೆಯ ಪಕ್ಕದಲ್ಲಿ ಅಂಗಾತ ಇಡುತ್ತಿದ್ದರು. ಅದಕ್ಕೆ ಯಾವ ಕರೆಯೂ ಬಂದದ್ದನ್ನು ನಾನು ನೋಡಲಿಲ್ಲ. ದಿನಕ್ಕೆ ನೂರಾರು ಕರೆ ಕಳಿಸುವವರ ಫೋನು ಅದು.

ಅವರ ದಿನದಲ್ಲಿ ಮಾತೆಂದು ಇದ್ದದ್ದು ಬೆಳಗಿನ ಒಂದು ತಾಸು. ಐದು ಸಲವೂ ಮುಟ್ಟದೆ ಬೇರೆ ಪಟ್ಟಿಗೆ ಬಿದ್ದ ಚೀಟಿಗಳನ್ನು ತೆಗೆದು, ಆ ರೈತರಿಗೆ ತಮ್ಮ ಕೈಯಾರೆ ಫೋನ್ ಹಚ್ಚುತ್ತಿದ್ದರು. ಅದು ಅವರ ಕರಾರಿನಲ್ಲಿ ಇರಲಿಲ್ಲ. ಬಿದ್ದದ್ದನ್ನು ಬಿಟ್ಟುಬಿಡಿ ಎಂದು ನಾನೇ ಹೇಳಿದ್ದೆ.

"ಕಾಕಾ, ಫೋನ್ ಯಾಕ ಎತ್ತಲಿಲ್ಲ? ... ಚಾರ್ಜ್ ಇರಲಿಲ್ಲೇನು? ... ಎಮ್ಮಿ ಕರು ಹಾಕೇತೇನು? ಹೆಣ್ಣೋ ಗಂಡೋ? ... ಚಲೋ ಆತು ತಗೋರಿ. ನೀರು ನಾಳೆ ಹತ್ತಕ್ಕ ಕಾಕಾ, ಮರೀಬ್ಯಾಡ್ರಿ."

ಇಟ್ಟ ಮೇಲೆ ಪಟ್ಟಿಯಲ್ಲಿ ಒಂದು ಗೆರೆ. ಮತ್ತೆ ಮುಂದಿನದು. ಪಟ್ಟಿ ಸಣ್ಣದಾದ ದಿನ ಅವರ ಮುಖ ಸಪ್ಪಗಿರುತ್ತಿತ್ತು. ವ್ಯವಸ್ಥೆ ಸರಿಯಾಗಿ ನಡೆದಷ್ಟೂ ಅವರಿಗೆ ಮಾತು ಕಡಿಮೆ. ಆಗ ಅದು ನನಗೆ ಹೊಳೆಯಲಿಲ್ಲ. ಕೆಲಸ ಬೇಗ ಮುಗಿಯಿತಲ್ಲ ಎಂದು ಸಂತೋಷಪಟ್ಟೆ.

ಕೆಲಸದಲ್ಲಿ ಅವರದೊಂದು ಹಟವಿತ್ತು. ಕಳಿಸಿದೆ ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. "ಹೇಳಿ ಕಳಿಸೇನಿ" ಎಂದು ಯಾರಾದರೂ ಅಂದರೆ, "ಮುಟ್ಟಿತಂತ ಅವರು ಹೇಳಿದ್ರೇನ್ರಿ?" ಎಂದು ಕೇಳುತ್ತಿದ್ದರು. ಅಧ್ಯಕ್ಷರಿಗೂ ಕೇಳಿದ್ದರು. ಅಧ್ಯಕ್ಷರು ಹೊರಗೆ ಬಂದು, "ಈ ಬಾಯಾರು ನಮ್ಮವ್ವಗಿಂತ ಹೆಚ್ಚಾದ್ರಲ್ಲೋ ಮಾರಾಯ" ಎಂದು ನನ್ನೆದುರು ಗೊಣಗಿದರು.

ಇನ್ನು ಆ ಎಂಟು ಸುತ್ತಿನ ವಿಷಯ.

ರೈತರ ಕರೆಗಳು ವರ್ಷವಿಡೀ ಸುಸೂತ್ರ ನಡೆದ ಮೇಲೆ, ಗೇಟಿನವರಿಗೂ ಹಾಗೆಯೇ ಆದೇಶ ಕಳಿಸಬೇಕೆಂದು ಸಂಘ ನಿರ್ಧರಿಸಿತು. ನಮ್ಮ ಗೇಟುಗಳು ಸಣ್ಣವು. ನಡುವೆ ತಿರುಪಿನ ಸರಳು, ಮೇಲೆ ಕೈಚಕ್ರ. ಚಕ್ರ ತಿರುವಿದಂತೆ ಗೇಟು ಮೇಲೇಳುತ್ತದೆ. ಹಿಂದಿನಿಂದಲೂ ಸುತ್ತಿನ ಲೆಕ್ಕ: ಎರಡು ಸುತ್ತು ತೆಗಿ, ನಾಲ್ಕು ಸುತ್ತು ತೆಗಿ.

ಆದೇಶದ ಒಕ್ಕಣೆ ಬರೆದುಕೊಡಲು ಬಾಯಾರು ನನ್ನ ಹತ್ತಿರ ಬಂದರು. "ಗೇಟು ನಾಲ್ಕು ಸುತ್ತು ತೆಗೆಯಿರಿ" ಎಂದು ಬರೆದುಕೊಟ್ಟೆ. ಅವರು ಓದಿ ತಕ್ಷಣ ಹೊರಡಲಿಲ್ಲ.

"ಸರ್, ಸರಳಿನ ಮ್ಯಾಲ ಬಣ್ಣದಿಂದ ಒಂದು, ಎರಡು, ಮೂರು ಅಂತ ಗುರುತು ಹಾಕಸೋಣ್ರಿ. ಗೇಟು ನಾಲ್ಕನೇ ಗುರುತಿಗೆ ತಂದು ನಿಲ್ಲಸ್ರಿ ಅಂತ ಹೇಳೋಣು."

"ಯಾಕ?"

"ನಮ್ಮ ಕ್ಯೂದಾಗ ಒಂದು ಚೀಟಿ ಒಮ್ಮೊಮ್ಮಿ ಎರಡು ಸಲ ಹೋಗತೈತ್ರಿ. ಮುಟ್ಟದ ಇರಬಾರದಂತ ಹಂಗ ಇಟ್ಟಿರ್ತಾರ. ರೈತಗ ಎರಡು ಸಲ ಹೋದ್ರ ಚಿಂತಿ ಇಲ್ಲ, ಬೈದು ಸುಮ್ಮನಾಗ್ತಾನ. ಗೇಟಿನವ ಎರಡು ಸಲ ತಿರುವಿದ್ರ? ಗುರುತಿದ್ರ ಹತ್ತು ಸಲ ಹೇಳಿದ್ರೂ ಗೇಟು ಅಲ್ಲೇ ನಿಂತಿರತೈತಿ."

"ಬಾಯಾರ, ಆದೇಶ ಅನ್ನೂದು ಒಂದ ಸಲ ಹೋಗೂದು. ಎರಡು ಸಲ ಹೋದ್ರ ಅದು ಆದೇಶ ಅಲ್ಲ, ಗುಲ್ಲು. ಇವರು ಅಪ್ಪನ ಕಾಲದಿಂದ ಸುತ್ತು ಎಣಿಸಿದವರು. ಈಗ ಗುರುತು ಅಂದ್ರ ಗಲಿಬಿಲಿ ಆಗತೈತಿ."

"ಪೇಂಟರ್ ಒಂದ್ ದಿನದ ಕೆಲಸ್ರಿ ಸರ್."

"ಬ್ಯಾಡ."

"ಆತ್ರಿ" ಎಂದು ಚೀಟಿ ಮಡಿಸಿಕೊಂಡು ಹೋದರು.

ರೈಲ್ವೆಯಲ್ಲಿ ನಾವು ಪಕ್ಕದ ನಿಲ್ದಾಣಕ್ಕೆ ಗಾಡಿ ಬಿಡುವ ಮುನ್ನ ಗುಟ್ಟಿನ ಸಂಖ್ಯೆಯೊಂದನ್ನು ಹೇಳುತ್ತಿದ್ದೆವು. ಹೇಳಿದ ಕೂಡಲೇ ಹಾಳೆಯಲ್ಲಿ ಅದನ್ನು ಹೊಡೆದುಹಾಕಬೇಕು. ಒಮ್ಮೆ ಬಳಸಿದ ಸಂಖ್ಯೆ ಎರಡನೆಯ ಸಲ ನಡೆಯುವುದಿಲ್ಲ. ಒಂದೇ ಮಾತು ಎರಡು ಸಲ ಕಿವಿಗೆ ಬೀಳಬಹುದು ಎಂದು ತಿಳಿದೇ ಯಾರೋ ಹಿರಿಯರು ಆ ಕಟ್ಟಳೆ ಮಾಡಿದ್ದರು. ಮೂವತ್ತಾರು ವರ್ಷ ದಿನವೂ ಆ ಸಂಖ್ಯೆಗಳನ್ನು ಹೊಡೆದುಹಾಕಿದ ಕೈ ನನ್ನದು. ಆದರೂ ಅಂದು ಆ ಹೆಣ್ಣುಮಗಳು ಅದನ್ನೇ ಬೇರೆ ಮಾತಿನಲ್ಲಿ ಹೇಳಿದಾಗ ನನಗೆ ಕೇಳಿಸಲಿಲ್ಲ.

ಕಾಲುವೆ ಕೆಲವು ದಿನ ಬಂದ್ ಆಗಿ, ಹಿಂಗಾರಿ ಪೀಕಿಗೆ ಮತ್ತೆ ನೀರು ಬಿಟ್ಟ ಮೊದಲ ದಿನ. ಬೆಳಿಗ್ಗೆ ಏಳಕ್ಕೆ ಭೀಮಪ್ಪನಿಗೆ ಕರೆ ಹೋಯಿತು. ಅವನು ಕೇಳಿದ. ಫೋನನ್ನು ಕಲ್ಲಿನ ಮೇಲಿಟ್ಟು ಚಕ್ರಕ್ಕೆ ಕೈ ಹಾಕಿದ. ಒಂದನ್ನು ಒತ್ತಲಿಲ್ಲ. ಆಮೇಲೆ ಅವನನ್ನು ಕೇಳಿದಾಗ ಕೊಟ್ಟ ಉತ್ತರ ಇದು:

"ಕೆಲಸಾ ಆಗದ ಆತು ಅಂತ ಹೆಂಗ್ ಒತ್ಲಿರಿ? ಸುಳ್ಳು ಆಗೂದಿಲ್ಲೇನು?"

ಅಷ್ಟು ದಿನವೂ ಅವನು ಮಾಡುತ್ತಿದ್ದದ್ದು ಹಾಗೆಯೇ. ಚಕ್ರ ಸಲೀಸಾಗಿ ತಿರುಗುತ್ತಿದ್ದುದರಿಂದ ನಡೆದುಹೋಗುತ್ತಿತ್ತು. ಆ ದಿನ ನೀರಿಲ್ಲದೆ ನಿಂತಿದ್ದ ಸರಳು ತುಕ್ಕು ಹಿಡಿದಿತ್ತು. ನಾಲ್ಕು ಸುತ್ತಿಗೆ ಅವನ ರಟ್ಟೆ ಬಿದ್ದುಹೋಯಿತು. ಅಷ್ಟರಲ್ಲಿ ಉತ್ತರ ಬರಲಿಲ್ಲವೆಂದು ಚೀಟಿ ಸಾಲಿಗೆ ಮರಳಿ, ತಡೆದು, ಮತ್ತೆ ಹೊರಟಿತು. ಭೀಮಪ್ಪ ಬೆವರು ಒರೆಸಿಕೊಂಡು ಒಂದನ್ನು ಒತ್ತಲು ಫೋನ್ ಎತ್ತಿಕೊಂಡರೆ ಅದು ಮತ್ತೆ ಗಂಟೆ ಹೊಡೆಯುತ್ತಿತ್ತು, ಕಿವಿಗಿಟ್ಟರೆ ಬಾಯಾರ ದನಿ: ಗೇಟು ನಾಲ್ಕು ಸುತ್ತು ತೆಗೆಯಿರಿ.

"ಇನ್ನಾ ನಾಕು ಬೇಕೇನೋ ಅಂದುಕೊಂಡ್ನಿರಿ. ಬಾಯಾರು ಸುಮ್ಮಸುಮ್ಮನ ಹೇಳೂವಂತವರಲ್ಲ."

ಒಂಬತ್ತು ಗಂಟೆಗೆ ಉಪಕಾಲುವೆಯ ದಂಡೆ ತಗ್ಗಿದ್ದ ಕಡೆ ಒಡೆಯಿತು. ಪಕ್ಕದಲ್ಲೇ ಮೆಣಸಿನಕಾಯಿ ಒಣಹಾಕಿದ ಕಣಗಳು. ನಾನು ಹೋಗುವಷ್ಟರಲ್ಲಿ ಕೆಂಪಗಿನ ಕಾಯಿಗಳು ನೀರಿನ ಮೇಲೆ ತೇಲುತ್ತ ಜೋಳದ ಹೊಲದ ಸಾಲುಗಳೊಳಗೆ ಹೋಗುತ್ತಿದ್ದವು. ಹೆಣ್ಣುಮಕ್ಕಳು ಮೊಣಕಾಲು ನೀರಿನಲ್ಲಿ ಬುಟ್ಟಿ ಹಿಡಿದು ಬಾಚುತ್ತಿದ್ದರು. ಬಾಯಾರು ಆಗಲೇ ಬಂದು, ಸೀರೆ ಸಿಕ್ಕಿಸಿ ಅವರ ನಡುವೆ ನಿಂತು ಬಾಚುತ್ತಿದ್ದರು. ಒಬ್ಬಳು ಅವರ ಕೈಯ ಬುಟ್ಟಿ ಕಿತ್ತುಕೊಂಡು, "ನೀ ಫೋನ್ ಮಾಡ್ಕೋತ ಕುಂಡ್ರ ಹೋಗವ್ವಾ" ಎಂದಳು. ಅವರು ಬರಿಗೈಯಿಂದ ಬಾಚತೊಡಗಿದರು.

ಭೀಮಪ್ಪ ಕುಡಿದಿದ್ದನೆಂದು ಊರಲ್ಲಿ ಸುದ್ದಿ ಹಬ್ಬಿತು. ಅವನನ್ನು ತೆಗೆಯಬೇಕೆಂದು ಗದ್ದಲವಾಯಿತು. ಹತ್ತು ದಿನ ಬಿಟ್ಟು ಸಭೆ ಇಟ್ಟರು. ಆ ಹತ್ತು ದಿನಗಳಲ್ಲಿ ಬಾಯಾರು ಒಂದು ಡಬ್ಬಿ ಕೆಂಪು ಬಣ್ಣ, ಒಂದು ಕುಂಚ ತಗೊಂಡು ಒಂದೊಂದೇ ಗೇಟಿಗೆ ಹೋದರು. ಸರಳಿಗೆ ತುಕ್ಕು ಕೆರೆದು, ಎಣ್ಣೆ ಹಚ್ಚಿ, ಅಳತೆ ನೋಡಿ ಗುರುತು ಹಾಕಿದರು. ಪ್ರತಿ ಆದೇಶಕ್ಕೂ ಒಂದು ನಂಬರ್ ಇಟ್ಟರು. ಅದೇ ನಂಬರ್ ಎರಡನೆಯ ಸಲ ಬಂದರೆ ಮುಟ್ಟಬೇಡಿ ಎಂದು ಗೇಟಿನವರಿಗೆಲ್ಲ ಕೂಡಿಸಿ ಹೇಳಿದರು. ನಾನು ಒಂದು ಮಧ್ಯಾಹ್ನ ಅತ್ತ ಹೋದಾಗ ಭೀಮಪ್ಪನ ಗೇಟಿನ ಮೇಲೆ ಬಗ್ಗಿ ನಾಲ್ಕು ಎಂದು ಬರೆಯುತ್ತಿದ್ದರು. ಬಿಸಿಲಿಗೆ ಕುತ್ತಿಗೆ ಕೆಂಪಾಗಿತ್ತು.

"ಪೇಂಟರಗ ಹೇಳಬೇಕಿತ್ತು" ಎಂದೆ.

"ಒಂದ್ ದಿನದ ಕೆಲಸ್ರಿ ಸರ್" ಎಂದರು. ತಿರುಗಿ ನೋಡಲಿಲ್ಲ.

ಸಭೆಯಲ್ಲಿ ಬಾಯಾರು ತಾವಾಗಿಯೇ ಎದ್ದು ನಿಂತರು. "ಭೀಮಪ್ಪಂದು ಏನೂ ತಪ್ಪಿಲ್ರಿ. ಕರೆ ಎರಡು ಸಲ ಹೋಗೇತಿ. ಅಂವ ಕೇಳಿದ್ದನ್ನ ಮಾಡ್ಯಾನ. ನನ್ನ ವ್ಯವಸ್ಥಾದಾಗಿನ ತಪ್ಪು" ಎಂದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಕರೆ ಎರಡು ಸಲ ಹೋಗಿದ್ದು ಖರೇನ್ರಿ ಮಾಸ್ತರ?"

"ಖರೆ."

"ಕಳಿಸಿದ್ದು ಇವರ ಕಂಪ್ಯೂಟರ?"

"ಹೌದು."

"ಮೊದಲ ನೀವು ಗ್ವಾಡಿ ಮ್ಯಾಲ ಬರೀತಿದ್ದಾಗ ಹಿಂಗ ಆಗಿತ್ತೇನು?"

"ಇಲ್ಲ."

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ನನ್ನ ನೌಕರಿ ಕಲಿಸಿದ ಪಾಠ. ಮೂರೂ ಉತ್ತರ ನಿಜ. ಗುರುತು ಹಾಕಿಸೋಣ ಎಂದು ಅವರು ಕೇಳಿದ್ದರೇ, ಬೇಡವೆಂದವರು ಯಾರು ಎಂದು ಯಾರೂ ಕೇಳಲಿಲ್ಲ. ಮೂರನೆಯ ಉತ್ತರ ಮುಗಿದಾಗ ಬಾಯಾರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಫೋನಿನಲ್ಲಿ ಗಂಟೆ ಹೊಡೆಯುತ್ತಿರುವಾಗ ಆ ಕಡೆಯವರು ಎತ್ತುತ್ತಾರೇನೋ ಎಂದು ಕಾಯುವವರ ಮುಖ. ನಾನು ಕನ್ನಡಕ ತೆಗೆದು ಒರೆಸಿದೆ.

ಭೀಮಪ್ಪ ಉಳಿದ. ಬಾಯಾರ ಕರಾರನ್ನು ತಿಂಗಳ ಕೊನೆಗೆ ಮುಗಿಸಬೇಕೆಂದು ಠರಾವಾಯಿತು. ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆದವನು ಕಾರ್ಯದರ್ಶಿಯಾದ ನಾನೇ. ಅಕ್ಷರ ದುಂಡಗಿವೆ. ಹೊಡೆದುಹಾಕಿ ತಿದ್ದಿದ್ದು ಒಂದೂ ಇಲ್ಲ.

ಅವರು ಮೊದಲಿನ ಕಲಿಸುವ ಕೆಲಸಕ್ಕೆಂದು ತಿರುಗಿ ಇಂಡಿಗೆ ಹೊರಟ ದಿನ ಬಸ್ ನಿಲ್ದಾಣಕ್ಕೆ ಹೋದೆ. ವಿಜಯಪುರದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಎರಡು ಚೀಲ, ಒಂದು ಸ್ಟೋವ್, ಕಂಪ್ಯೂಟರಿನ ಕಪ್ಪು ಚೀಲ. ಅಷ್ಟೇ ಸಾಮಾನು. ಏನು ಮಾತಾಡಬೇಕೆಂದು ತಿಳಿಯದೆ ಕೇಳಿಬಿಟ್ಟೆ:

"ಅವತ್ತು ಸಭಾದಾಗ ನನ್ನ ಮಾತು ಯಾಕ ಎತ್ತಲಿಲ್ಲ ನೀವು?"

"ನೀವ ಎತ್ತತೀರಿ ಅಂತ ಕಾಯ್ಕೋತ ನಿಂತಿದ್ನಿ ಸರ್. ಅಷ್ಟರಾಗ ಸಭಾ ಮುಗೀತು."

ಬಸ್ ಬಂತು. ಸ್ಟೋವ್ ಎತ್ತಿಕೊಟ್ಟೆ. "ವ್ಯಾಳ್ಯಾಕ್ಕ ಸರಿಯಾಗಿ ಉಣ್ಣರಿ ಸರ್" ಎಂದು ಹತ್ತಿದರು.

ಸಂಘದ ಕರೆಗಳು ನಿಲ್ಲಲಿಲ್ಲ. ಅವರು ಎಲ್ಲವನ್ನೂ ಬರೆದಿಟ್ಟು, ಇನ್ನೊಬ್ಬರಿಗೆ ಒಪ್ಪಿಸಿ ಹೋಗಿದ್ದರು. ದನಿಯನ್ನು ಮಾತ್ರ ಸಂಘದವರು ಬದಲಿಸಿದರು. ಈಗ ಯಂತ್ರದ ದನಿ, ಎಲ್ಲ ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳುತ್ತದೆ. ಕೆಲವು ದಿನ ರೈತರು "ನಮ್ಮ ಬಾಯಾರು ಎಲ್ಲಿ ಹೋದ್ರಿ?" ಎಂದು ಕೇಳಿದರು. ಆಮೇಲೆ ಬಿಟ್ಟರು. ಐದು ಸಲ ಮುಟ್ಟದ ಪಟ್ಟಿ ಈಗಲೂ ಇದೆ. ಅದಕ್ಕೆ ಯಾರೂ ಫೋನ್ ಹಚ್ಚುವುದಿಲ್ಲ.

ಬಾಗಿಲ ಹತ್ತಿರದ ಮೇಜಿಗೆ ಒಂದೂ ಇಪ್ಪತ್ತಕ್ಕೆ ಯಾರು ಯಾರೋ ಕೂರತೊಡಗಿದರು. ಒಂದು ದಿನ ಊಟ ಮುಗಿಸಿ ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ. ತಪ್ಪು ನನ್ನದೆಂದು ಸಭೆಯಲ್ಲಿ ಹೇಳುತ್ತೇನೆ ಎನ್ನಬೇಕಿತ್ತು. ಅವರು ಎತ್ತಲಿಲ್ಲ. ತರಗತಿಯಲ್ಲಿ ಇದ್ದಿರಬಹುದು. ಸ್ವಲ್ಪ ತಡೆದು ಎರಡನೆಯ ಸಲ, ಇನ್ನಷ್ಟು ತಡೆದು ಮೂರನೆಯ ಸಲ ಮಾಡಬಹುದಿತ್ತು. ಆ ವಿದ್ಯೆಯನ್ನು ನನ್ನ ಕಣ್ಣೆದುರೇ ಅವರು ದಿನವೂ ನಡೆಸಿದ್ದರು. ನಾನು ಒಂದೇ ಸಲ ಮಾಡಿದೆ. ಅವರಿಗೆ ಮಾತಾಡಲು ಮನಸ್ಸಿಲ್ಲವೆಂದು ನಾನೇ ತೀರ್ಮಾನಿಸಿ ಫೋನನ್ನು ಕಿಸೆಗಿಟ್ಟುಕೊಂಡೆ. ಸಂಜೆ ಅವರಿಂದ ಕರೆ ಬಂತು. ನಾನು ವಾಯುವಿಹಾರಕ್ಕೆ ಹೋಗಿದ್ದೆ, ಫೋನ್ ಮನೆಯಲ್ಲಿತ್ತು. ಬಂದು ನೋಡಿದೆ. ನಾಳೆ ಮಾಡಿದರಾಯಿತು ಎಂದುಕೊಂಡೆ. ಆ ನಾಳೆಗೆ ಎರಡು ವರ್ಷವಾಯಿತು.

ಭೀಮಪ್ಪ ಮಾತ್ರ ವರ್ಷಕ್ಕೊಮ್ಮೆ ಇಂಡಿಗೆ ಹೋಗಿ ಬರುತ್ತಿದ್ದ. ಅಲ್ಲಿ ಅವನ ತಂಗಿಯ ಮನೆ. ಹೋದಾಗ ಬಾಯಾರಿಗೆ ಮೆಣಸಿನಕಾಯಿ ಕೊಟ್ಟು ಬರುವುದು. ಈ ಸಲ ಅವನಿಗೆ ಎದುರಾದದ್ದು ಮನೆಯ ಮಾಲಕಿ. ಬಾಯಾರು ಜ್ವರ ಬಂದು ಮಲಗಿದ್ದರಂತೆ. ಮೊದಲು ಇಂಡಿಯಲ್ಲೇ ತೋರಿಸಿ, ಆಮೇಲೆ ಸಿಂದಗಿಯ ಆಸ್ಪತ್ರೆಗೆ ಒಯ್ದರಂತೆ. ನಾಲ್ಕು ದಿನ. ಆಸ್ಪತ್ರೆಯ ಕಾಗದದಲ್ಲಿ ರೋಗಿಗೆ ಏನು ಸಂಬಂಧ ಎಂಬ ಕಡೆ, 'ಮನೆ ಮಾಲಕಿ' ಎಂದೇ ಆಕೆ ಬರೆಸಿದಳಂತೆ. ಮಣ್ಣು ಮಾಡುವಾಗ ಓಣಿಯವರು, ಕಂಪ್ಯೂಟರ್ ಕಲಿಯುವ ನಾಲ್ಕು ಹುಡುಗಿಯರು. "ನಮಗೊಂದು ಮಾತು ಹೇಳಿ ಕಳಿಸಬಾರದೇನ್ರಿ ಅಂದ್ನಿ. ಯಾರಿಗಂತ ಹೇಳ್ಲಪಾ, ಅವರ ಫೋನಿನಾಗ ಕಾಕಾ, ಕಾಕಾ ಅಂತ ಬರೇ ನಂಬರ್ ಇದ್ದುವು, ಅಂದ್ಳ್ರಿ ಆಕಿ."

ನಿನ್ನೆ ಸಂಘದ ಸಭೆಯಿತ್ತು. ನಾನೀಗ ಬರಿಯ ಸದಸ್ಯ. ಹನ್ನೊಂದಕ್ಕೆ ಸರಿಯಾಗಿ ಹೋದೆ. ಅಧ್ಯಕ್ಷರು ಬೇರೆಯವರು, ವಯಸ್ಸಿನಲ್ಲಿ ನನಗಿಂತ ಸಣ್ಣವರು. ಒಂದು ವಿಷಯ ನಡಾವಳಿಯಲ್ಲಿ ಸೇರಿಸಬೇಕು ಎಂದೆ. ಹೇಳಿದೆ: ಗೇಟಿಗೆ ಗುರುತು ಹಾಕಿಸಬೇಕೆಂದು ಬಾಯಾರು ಮೊದಲೇ ಕೇಳಿದ್ದರು, ಕಾರ್ಯದರ್ಶಿಯಾಗಿದ್ದ ನಾನು ಬೇಡವೆಂದೆ, ದಂಡೆ ಒಡೆದದ್ದು ಅದರಿಂದ, ಸಭೆಯಲ್ಲಿ ನಾನು ಇದನ್ನು ಮುಚ್ಚಿಟ್ಟೆ.

"ಯಾವಾಗಿಂದ್ರಿ ಇದು? ಅದೆಲ್ಲಾ ಆಗಿ ಹೋದ ಮಾತಲ್ರಿ ಅಜ್ಜಾರ. ಈಗ ಯಾರ್ ಕೇಳಾಕತ್ತಾರ?" ಎಂದರು ಅಧ್ಯಕ್ಷರು.

"ಅವಾಗೂ ಯಾರೂ ಕೇಳಲಿಲ್ಲ. ಅದಕ್ಕ ತಪ್ಪಾತು. ಬರಸ್ರಿ."

ಅವರು ಉಳಿದವರ ಮುಖ ನೋಡಿದರು. ಒಬ್ಬರು ಆಕಳಿಸಿದರು. "ಬರಕೋರಿ" ಎಂದು ಅಧ್ಯಕ್ಷರು ಕೈ ಬೀಸಿದರು. ಈಗಿನ ಕಾರ್ಯದರ್ಶಿ ಬಸವನ ಬಾಗೇವಾಡಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹೆಣ್ಣುಮಗಳು. ಬಾಯಾರನ್ನು ಕಂಡವಳಲ್ಲ. ಹಳೆಯ ಠರಾವಿನ ಪುಟ ತೆಗೆಸಿ, ಅದಕ್ಕೆ ಜೋಡಿಸಿ ಹೊಸದನ್ನು ನಾನು ಹೇಳಿದಂತೆ ಬರೆದಳು. ಓದಿ ತೋರಿಸಿದಳು. ಸಹಿ ಮಾಡಿದೆ. ವೇಳೆ ಹಾಕಿದೆ: ಹನ್ನೊಂದು ಇಪ್ಪತ್ತು.

"ಅಜ್ಜಾರ, ಠರಾವಿನ ಪ್ರತಿ ಸಂಬಂಧಪಟ್ಟವರಿಗೆ ಕಳಿಸಬೇಕಲ್ರಿ" ಎಂದಳು. "ಯಾರಿಗೆ ಕಳಿಸ್ಲಿ?"

ತಾಯಿ ಇಲ್ಲ. ಅಣ್ಣತಮ್ಮಂದಿರು ಇದ್ದಂತೆ ಕೇಳಿಲ್ಲ. ಮಾಲಕಿ ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದಾಳೆಂದು ಭೀಮಪ್ಪ ಹೇಳಿದ್ದ. ನಾನು ಒಂದೊಂದಾಗಿ ಎಲ್ಲ ನೆನೆಸಿಕೊಂಡೆ. ಆಕೆ ಪೆನ್ನು ಹಿಡಿದು ಕಾದಳು. ಒಳ್ಳೆಯ ಹುಡುಗಿ, ಅವಸರ ಮಾಡಲಿಲ್ಲ.

"ಯಾರೂ ಇಲ್ಲೇನ್ರಿ?"

"ಇಲ್ಲವಾ."

"ಹಂಗಾದ್ರ, 'ಪ್ರತಿ: ಕಡತಕ್ಕೆ' ಅಂತ ಹಾಕ್ಲೇನ್ರಿ?"

ಹಾಕು ಎಂದೆ. ಹಾಕಿದಳು. ಅಧ್ಯಕ್ಷರು ಮುಂದಿನ ವಿಷಯ ತೆಗೆದುಕೊಂಡರು.